ನನ್ನ ಕೈಯ ನಲವತ್ತೊಂದು

ಆ ವಾಚನ್ನು ನಾನು ಮೊದಲ ದಿನದಿಂದಲೇ ಬೈದಿದ್ದೇನೆ. ಕಪ್ಪು ರಬ್ಬರ್ ಪಟ್ಟಿ, ಚೌಕದ ಗಾಜು, ಹಿಂದೆ ಪಿಳಿಪಿಳಿ ಎನ್ನುವ ಹಸಿರು ಬೆಳಕು. ನನ್ನ ಗಂಡ ಶೇಖಪ್ಪ ಎದೆನೋವು ಬಂದು ರಾಣೆಬೆನ್ನೂರಿನ ದವಾಖಾನೆಯಲ್ಲಿ ಮೂರು ದಿನ ಮಲಗಿ ಬಂದ ಮೇಲೆ ಮಗಳು ಸ್ನೇಹಾ ಅದನ್ನು ತಂದು ಅವರ ಎಡಗೈಗೆ ಕಟ್ಟಿದಳು. ಅವಳು ಹಾವೇರಿಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ, ಅಲ್ಲೇ ರೂಮು ಮಾಡಿಕೊಂಡಿದ್ದಾಳೆ.

ನಾವು ಬ್ಯಾಡಗಿಯಲ್ಲಿ. ಅವರು ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವರು. ಚೀಲದ ಮೇಲೆ ಚೀಲ ಒಟ್ಟಿ ನಿಟ್ಟು ಹಚ್ಚುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಎಷ್ಟು ಎತ್ತರಕ್ಕೆ ಹಚ್ಚಿದರೂ ಒಂದು ಬೆರಳು ವಾಲುತ್ತಿರಲಿಲ್ಲ. ನಾನು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇನೆ.

ರಾಣೆಬೆನ್ನೂರಿನ ಡಾಕ್ಟರು ಹೇಳಿದ್ದು ಎರಡೇ ಮಾತು. ಭಾರ ಎತ್ತಬಾರದು. ಹದಿನೈದು ದಿನದೊಳಗೆ ದಾವಣಗೆರೆಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಬೇಕು, ರಕ್ತನಾಳ ಎಲ್ಲಿ ಕಟ್ಟಿದೆ ನೋಡಬೇಕು. ಸ್ನೇಹಾ ಅವತ್ತೇ ಫೋನ್ ಹಚ್ಚಿ ಮುಂದಿನ ವಾರದ ಸೋಮವಾರಕ್ಕೆ ಹೆಸರು ಬರೆಸಿದಳು.

ವಾಚು ಏನು ಮಾಡುತ್ತದೆ ಎಂದು ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ಎಚ್‌ಆರ್‌ವಿ ಅಂತಾರ ಅಪ್ಪಾ. ಎದಿಯ ಒಂದು ಬಡತಕ್ಕೂ ಇನ್ನೊಂದು ಬಡತಕ್ಕೂ ನಡುವ ಎಷ್ಟು ಹೊತ್ತು ಅಂತ ರಾತ್ರಿ ಮಲಗಿದಾಗ ಅಳೀತೈತಿ. ಅದು ಒಂದ ಸಮ ಇರಬಾರದು. ಹೆಚ್ಚುಕಡಿಮಿ ಆದಷ್ಟು ಚಲೋ, ನಂಬರ್ ದೊಡ್ಡದು ಬರತೈತಿ.”

“ಹಂಗಾದ್ರ ನಿಮ್ಮಪ್ಪನ ಮಾತಿನಂಗ ಆತು ಬಿಡು, ಒಂದ ಸಮ ಇದ್ದದ್ದ ಇಲ್ಲ,” ಅಂದೆ ನಾನು.

“ಅವ್ವಾ, ನೀ ಸುಮ್ನಿರು. ಇಲ್ಲಿ ನೋಡ್ರಿ, ನಿಮ್ಮ ಫೋನಿನ್ಯಾಗ ಕನ್ನಡಕ್ಕ ಹಾಕೇನಿ. ಮುಂಜಾನೆ ನಂಬರ್ ಬರತೈತಿ. ನನ್ನ ಫೋನಿಗೂ ಬರತೈತಿ. ನಾ ನೋಡಿದೆ ಅಂದ್ರ ಇಲ್ಲಿ ಕಣ್ಣಿನ ಗುರುತು ಬೀಳತೈತಿ.”

ಮೊದಲ ದಿನ ಹದಿನಾರು. ಮರುದಿನ ಹದಿನೆಂಟು. ಮತ್ತೆ ಹದಿನೈದು. ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತಿತ್ತು. ಗುಳಿಗೆ ತಗೊಂಡ್ರಾ, ಬೀಡಿ ಸೇದಿದ್ರಾ, ನಿದ್ದಿ ಬಂತಾ. ಆ ನಂಬರು ಹಿಡಿದುಕೊಂಡು ಪೊಲೀಸರ ಹಾಗೆ ವಿಚಾರಣೆ.

ಕೆಲಸ ಬೇಡ ಎಂದರೂ ಅವರು ಮನೆಯಲ್ಲಿ ನಿಲ್ಲುವವರಲ್ಲ. ಸುಮ್ಮನೆ ಕೂತು ಬರುತ್ತೇನೆ ಎಂದು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಸೀಜನ್ನಿನಲ್ಲಿ ಅಲ್ಲಿ ಗಾಳಿಯೇ ಖಾರ. ಬೆವರಿಗೆ ಆ ಧೂಳು ಸೇರಿ ಪಟ್ಟಿಯ ಕೆಳಗೆ ಕೂತು, ನಾಲ್ಕನೇ ದಿನಕ್ಕೆ ಮಣಿಕಟ್ಟು ಸುಟ್ಟ ಹಾಗೆ ಕೆಂಪಾಯಿತು. ಬುಧವಾರ ರಾತ್ರಿ ವಾಚು ತೆಗೆದು ಹಾಸಿಗೆಯ ಮೇಲೆ ಒಗೆದರು.

“ಚರ್ಮ ಸುಲದೈತಿ. ನಾ ಹಾಕ್ಕೊಳ್ಳೂದಿಲ್ಲ.”

“ಮುಂಜಾನೆ ಆಕಿ ಕುಣೀತಾಳ ನೋಡ್ರಿ.”

“ಕುಣೀಲಿ.”

ನನಗೆ ಸಿಟ್ಟು ಬಂತು. ಇಡೀ ದಿನ ಕೂತು ತೊಟ್ಟು ಬಿಡಿಸಿ ಬಂದವಳಿಗೆ ಬೆಳಿಗ್ಗೆ ಏಳಕ್ಕೆ ಅಪ್ಪ ಮಗಳ ಜಗಳ ಬೇಡವಾಗಿತ್ತು. ವಾಚು ಎತ್ತಿ ನನ್ನ ಕೈಗೆ ಕಟ್ಟಿಕೊಂಡೆ. ನನ್ನ ಚರ್ಮ ಖಾರ ಕುಡಿದು ದಪ್ಪಗಾಗಿದೆ, ಅದಕ್ಕೇನೂ ಆಗುವುದಿಲ್ಲ. ಎದೆ ಎಂದರೆ ಎದೆ, ಯಾರದ್ದಾದರೇನು, ಹದಿನಾರೋ ಹದಿನೆಂಟೋ ಬರುತ್ತದೆ ಎಂದುಕೊಂಡಿದ್ದೆ.

ಬೆಳಿಗ್ಗೆ ನಲವತ್ತೊಂದು ಬಂತು.

ಸ್ನೇಹಾ ಫೋನಿನಲ್ಲಿ ಅಳುತ್ತಿದ್ದಳು. “ಅಪ್ಪಾ, ಗುಳಿಗಿ ಹತ್ತಾಕತ್ತಾವ! ನಲವತ್ತೊಂದು ಬಂದೈತಿ!”

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. “ಹೂಂ ಯವ್ವಾ, ಮೈ ಹಗುರ ಅನಸಾಕತ್ತೈತಿ,” ಅಂದರು.

ಫೋನ್ ಇಟ್ಟ ಮೇಲೆ ನಾನು, “ಅದು ನಂದು,” ಅಂದೆ.

“ನಿಂದು ಬ್ಯಾರೆ ನಂದು ಬ್ಯಾರೆ ಐತೇನ? ಇಪ್ಪತ್ತಾರು ವರ್ಷ ಒಂದ ಗಂಗಾಳದಾಗ ಉಂಡೇವಿ.” ನಕ್ಕರು. ನಾನೂ ನಕ್ಕೆ. ಅದೇ ನಮ್ಮ ಕೊನೆಯ ನಗು.

ಶುಕ್ರವಾರ ಮೂವತ್ತೊಂಬತ್ತು. ಶನಿವಾರ ನಲವತ್ತಮೂರು. ಆ ಹೊತ್ತಿಗೆ ಅವರಿಗೂ ಆ ನಂಬರು ತಮ್ಮದೇ ಅನಿಸಿಬಿಟ್ಟಿತ್ತು. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ವಾಚು ಯಾರ ಕೈಯಲ್ಲಿದೆ ಎಂದು ಗೊತ್ತಿದ್ದ ಮನುಷ್ಯ!

ಭಾನುವಾರ ಬೆಳಿಗ್ಗೆ ಫೋನ್ ಬಂದಾಗ ಅವರೇ ಮಾತು ತೆಗೆದರು. “ನಂಬರ್ ಇಷ್ಟು ಚಲೋ ಬರಾಕತ್ತಾವು. ದಾವಣಗೆರಿ ಈಗ್ಯಾಕ? ಸೀಜನ್ ಮುಗೀಲಿ.”

“ಡಾಕ್ಟರ್ ಹದಿನೈದು ದಿನದಾಗ ಅಂದಾರಲ್ಲಪಾ.”

“ಡಾಕ್ಟರ್ ಅಂದಾಗ ಹದಿನಾರು ಇತ್ತು.”

ಅವಳು ಆ ನಂಬರುಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಆಮೇಲೆ, “ಆತು. ಯುಗಾದಿ ಆದಮ್ಯಾಲೆ ಹೋಗೂಣು. ಹೆಸರು ಮುಂದಕ್ಕ ಹಾಕಸ್ತೇನಿ,” ಅಂದಳು.

ನಾನು ಅಲ್ಲೇ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಬೈಸಿಕೊಳ್ಳುವ ಹೆದರಿಕೆ ಎಂದು ಹೇಳಿದರೆ ಅರ್ಧ ಸುಳ್ಳು. ಅವರ ಅಕ್ಕ ಕರೆವ್ವನ ಗಂಡ ದಾವಣಗೆರೆಗೆ ಹೋದವನು ಹೆಣವಾಗಿ ಬಂದಿದ್ದ. ತೀರಾ ತಡಮಾಡಿ ಹೋಗಿದ್ದ. ಆದರೆ ನಮ್ಮ ತಲೆಯಲ್ಲಿ ಉಳಿದದ್ದು ಅವನು ಅಲ್ಲಿಗೆ ಹೋಗಿದ್ದು ಮಾತ್ರ. ಹೋಗುವುದು ತಪ್ಪಿತಲ್ಲ ಎಂದು ನನಗೂ ಒಳಗೇ ಸಮಾಧಾನವಾಯಿತು. ಇದು ಖರೇ ಮಾತು.

ಸೋಮವಾರ ಮಾರ್ಕೆಟ್ಟಿನ ದಿನ. ನಾನು ಅವಸರದಲ್ಲಿ ವಾಚು ಬಿಚ್ಚುವುದನ್ನು ಮರೆತು ಕೆಲಸಕ್ಕೆ ಹೋದೆ. ಹನ್ನೊಂದರ ಸುಮಾರಿಗೆ ಅವರ ಜೋಡಿ ಹಮಾಲಿ ಅಬ್ರಾರ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಓಡಿ ಬಂದ. ಅವನ ತಲೆಯ ಮೇಲಿನ ಟವೆಲ್ಲು ಕೈಯಲ್ಲಿತ್ತು.

“ಲಗೂ ಬರ್ರಿ ವೈನಿ. ಶೇಖಪ್ಪಣ್ಣ ಬಿದ್ದಾನ.”

ದಾರಿಯುದ್ದಕ್ಕೂ ಹೇಳಿದ. ಹೊಸ ಹುಡುಗರು ಹಚ್ಚಿದ ನಿಟ್ಟು ವಾಲಿತ್ತಂತೆ. ಇವರು ಕೂತಲ್ಲಿಂದ ಎದ್ದರಂತೆ. “ಬ್ಯಾಡಣ್ಣ ಅಂದೆ. ‘ಲೇ, ನಂದು ನಲವತ್ತು ದಾಟೈತಿ, ನೀ ನಿನ್ನ ಎದಿ ನೋಡ್ಕೊ’ ಅಂದ. ಎರಡು ಚೀಲ ಸರಿ ಮಾಡಿದ. ಮೂರನೇದು ಬೆನ್ನಿಗೆ ತಗೊಂಡ...”

ಸರಕಾರಿ ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಮಧ್ಯಾಹ್ನ ಸ್ನೇಹಾ ಬಂದಳು. ಅಪ್ಪನ ಬರಿಗೈ ನೋಡಿ, ವಾಚು ದವಾಖಾನೆಯವರು ತೆಗೆದಿರಬೇಕು ಎಂದುಕೊಂಡು ಅಬ್ರಾರನನ್ನು ಕೇಳಲು ಕಳಿಸಿದಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ. ಬಿಚ್ಚುವ ಶಕ್ತಿಯೂ ಇರಲಿಲ್ಲ.

ಹೆಣ ಎತ್ತುವ ಮುಂಚೆ ಬಳೆ ತೆಗೆಯುವುದು ನಮ್ಮಲ್ಲಿ ರೂಢಿ. ಗಂಡನಿಲ್ಲದ ಹೆಂಗಸೇ ತೆಗೆಯಬೇಕು. ಕರೆವ್ವ ಎದುರಿಗೆ ಕೂತು ನನ್ನ ಎಡಗೈ ಎಳೆದುಕೊಂಡಳು. ಹಸಿರು ಬಳೆ ಜಾರಿಸುತ್ತಿದ್ದವಳ ಕೈ ನಿಂತಿತು.

“ಇದೇನ ಮಂಗಳವ್ವ? ಇದನ್ನೂ ತೆಗೀಬೇಕೇನ?”

ಅಪ್ಪನ ಕಾಲ ಹತ್ತಿರ ತಲೆಯಿಟ್ಟಿದ್ದ ಸ್ನೇಹಾ ಎದ್ದು ನೋಡಿದಳು. ಓಣಿಯ ಹೆಂಗಸರೆಲ್ಲ ಅಲ್ಲಿದ್ದರು. ಹಸಿರು ಬೆಳಕು ನನ್ನ ಚರ್ಮದ ಮೇಲೆ ಪಿಳಿಪಿಳಿ ಎನ್ನುತ್ತಿತ್ತು.

“ಅವ್ವಾ, ಇದು ನಿನ್ನ ಕೈಯಾಗ ಯಾವಾಗಿಂದ ಐತಿ?”

“ನಲವತ್ತೊಂದು ಬಂತಲ್ಲ, ಅವತ್ತಿಂದ.”

ಅವಳ ತುಟಿ ಬಿಳುಚಿತು. ಅವಳು ಬಾಯಿ ತೆರೆಯುವ ಮುಂಚೆ ನನ್ನ ಬಾಯಿ ಓಡಿತು. ತಪ್ಪು ನನ್ನದಾದಾಗ ಅದು ಇನ್ನೂ ಜೋರಾಗಿ ಓಡುತ್ತದೆ.

“ವಾಚ್ ನೋಡಿ ದವಾಖಾನಿ ಮುಂದಕ್ಕ ಹಾಕು ಅಂತ ಯಾವ ಡಾಕ್ಟರ್ ಹೇಳಿದ್ದ ನಿನಗ? ಹಾಂ? ಯಾವ ಡಾಕ್ಟರ್?”

ಹೆಣದ ಮುಂದೆ ಆಡಿದ ಮಾತು. ಕರೆವ್ವ ನನ್ನ ಬಾಯಿ ಮುಚ್ಚಿದಳು.

“ಯಾರೂ ಹೇಳಿದ್ದಿಲ್ಲ,” ಅಂದಳು ಸ್ನೇಹಾ. “ನಾನ ಹಾಕಿಸಿದೆ.” ಮತ್ತೆ ಅಪ್ಪನ ಕಾಲಿಗೆ ತಲೆಯಿಟ್ಟಳು. ಕರೆವ್ವ ಬಳೆಗಳನ್ನು ತೆಗೆದಳು. ವಾಚನ್ನು ಹಾಗೇ ಬಿಟ್ಟಳು.

ಹದಿನೈದು ದಿನ ಕಳೆದ ಮೇಲೆ ಒಂದು ಕಾಗದಕ್ಕಾಗಿ ಇಬ್ಬರೂ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಹೋದೆವು. ಸ್ನೇಹಾ ನಂಬರಿನ ಸಂಗತಿ ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಬ್ಬೊಬ್ಬರದು ಒಂದೊಂದು ಥರ ಇರತೈತಮ್ಮ, ಹೋಲಿಸಾಕ ಬರೂದಿಲ್ಲ. ಮತ್ತ ರಕ್ತನಾಳ ಕಟ್ಟಿದ್ದು ಅದರಾಗ ಕಾಣೂದಿಲ್ಲ. ಹದಿನಾರು ಬರಲಿ, ನಲವತ್ತು ಬರಲಿ, ಟೆಸ್ಟ್ ಮಾಡಿಸಬೇಕಿತ್ತು.”

ಆ ಮಾತಿನಿಂದ ನಮ್ಮಿಬ್ಬರಲ್ಲಿ ಒಬ್ಬರಿಗೂ ಬಿಡುಗಡೆ ಸಿಗಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದೆವು. ಬ್ಯಾಡಗಿಯ ದಾರಿ ಒಡೆಯುವ ಮೋಟೆಬೆನ್ನೂರಿನಲ್ಲಿ ನಾನು ಇಳಿದೆ. ಅವಳು ಹಾವೇರಿಗೆ ಹೋದಳು.

ಅಂದಿನಿಂದ ಅವಳ ಫೋನ್ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ವಾಚನ್ನು ನಾನು ದಿನವೂ ಕಟ್ಟಿಕೊಂಡು ಮಲಗುತ್ತೇನೆ, ಬೆಳಿಗ್ಗೆ ಅವರ ಫೋನ್ ತೆಗೆದು ನೋಡುತ್ತೇನೆ. ನಲವತ್ತೊಂದು ಹೋಯಿತು. ಈಗ ಹದಿನೇಳು, ಹದಿನಾಲ್ಕು. ಕೆಳಗೆ ಕನ್ನಡದಲ್ಲೇ ಬರುತ್ತದೆ: ‘ಶೇಖಪ್ಪ ಅವರೇ, ನಿಮ್ಮ ದೇಹ ದಣಿದಿದೆ. ಇಂದು ವಿಶ್ರಾಂತಿ ಪಡೆಯಿರಿ.’

ಪಕ್ಕದಲ್ಲಿ ಕಣ್ಣಿನ ಗುರುತು ಬಿದ್ದಿರುತ್ತದೆ. ಸರಿಯಾಗಿ ಏಳಕ್ಕೆ ಅವಳು ನೋಡುತ್ತಾಳೆ. ಫೋನ್ ಮಾಡುವುದಿಲ್ಲ.