ಕಾಲು ಗಂಟೆ ಮುಂಚೆ

ಹಳೆಯ ಮ್ಯಾನೇಜರನ ಕೆಮ್ಮಿನ ಅನುಕರಣೆಯಿಂದ ಆ ನಿವೃತ್ತ ಕೆಲಸಗಾರ ಶುರುಮಾಡಿದ. ಮೊದಲು ಗಂಟಲ ಕೆರೆತ, ಆಮೇಲೆ ಬೈಗುಳ, ಬೈಗುಳದ ನಡುವೆ ಮತ್ತೆ ಕೆಮ್ಮು. ನೂಲಿನ ಗಿರಣಿಯ ಅಂಗಳದಲ್ಲಿ ಶಾಮಿಯಾನದಡಿ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರು ಸತ್ತು ಇಪ್ಪತ್ತು ವರ್ಷವಾಗಿದ್ದರೂ ಅವನ ಕೆಮ್ಮು ಇನ್ನೂ ಕೆಲಸದಲ್ಲಿತ್ತು.

ಅಂದು ಕಾರ್ಮಿಕರ ದಿನದ ರಜೆ. ಮೊದಮೊದಲು ಈ ದಿನ ಎಲ್ಲರೂ ಗೇಟಿನ ಮುಂದೆ ಮಾತಿಲ್ಲದೆ ನಿಂತು ಹೋಗುತ್ತಿದ್ದರು. ಆಮೇಲೆ ಭಾಷಣ ಬಂತು, ಭಾಷಣ ಬೇಸರವಾಗಿ ಹಗ್ಗಜಗ್ಗಾಟ ಬಂತು, ಈ ವರ್ಷ ಬಲೂನು ಮತ್ತು ಮಿಮಿಕ್ರಿ. ಬ್ಯಾನರಿನ ಮೇಲೆ 'ಕುಟುಂಬ ದಿನ' ಎಂದಿತ್ತು. ಗೇಟಿನಲ್ಲಿ ಮೂವರು ಸತ್ತದ್ದು ಹೊಸಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹಳಬರಿಗೆ ಅಲ್ಲಿ ನಿಲ್ಲಲು ಬಿಸಿಲು ಜಾಸ್ತಿಯಾಗಿತ್ತು.

"ಮಾಮ, ಈಗ ನಿಮ್ಮ ಸೈರನ್," ಎಂದಳು ಕಾರ್ಯಕ್ರಮ ನಡೆಸುತ್ತಿದ್ದ ಅಧಿಕಾರಿಣಿ. "ಈ ಮಕ್ಕಳು ಗಿರಣಿ ಸೈರನ್ನೇ ಕೇಳಿಲ್ಲ. ಈಗೆಲ್ಲ ಹಾಜರಿಗೆ ಬೆರಳೊತ್ತೋದು."

"ಅದು ಗಂಟಲಿಗೆ ಆಗಲ್ಲಮ್ಮ. ನಾಯಿ ಮಾಡ್ಲಾ? ಎರಡು ನಾಯಿ ಮಾಡ್ತೀನಿ, ಜಗಳ ಸಮೇತ."

"ಮಾಡೋ," ಎಂದಳು ಮೊದಲ ಸಾಲಿನಲ್ಲಿದ್ದ ಅತ್ತಿಗೆ. "ಈ ವಯಸ್ಸಲ್ಲಿ ಎಂಥ ನಾಚಿಕೆ? ನಿಮ್ಮಣ್ಣ ಕೇಳಿ ಹೊರಟ ಶಬ್ದ ಅದು. ಇನ್ನೊಂದ್ಸಲ ಕೇಳಿಯೇ ಸಾಯ್ತೀನಿ."

ನಲವತ್ತು ವರ್ಷದ ಹಿಂದೆ ಗಿರಣಿಯೊಳಗೆ ಗಡಿಯಾರವಿರಲಿಲ್ಲ. ಸೈರನ್ ಕೂಗಿದಾಗಲೇ ಸಂಜೆ. ಮಾಲೀಕರು ಸೈರನ್ನನ್ನು ದಿನದಿನಕ್ಕೆ ತಡಮಾಡುತ್ತ ಸಂಜೆಯನ್ನು ರಾತ್ರಿಗೆ ತಳ್ಳಿದ್ದರು. ಕೊನೆಗೆ ಕೆಲಸಗಾರರೇ ಗುಟ್ಟಾಗಿ ಮಾತಾಡಿಕೊಂಡರು. ಐದಕ್ಕೆ ಗೇಟಿನ ಪೊಲೀಸರ ಪಾಳಿ ಬದಲಾಗುತ್ತದೆ, ಗೇಟು ಖಾಲಿ ಇರುತ್ತದೆ. ಬಚ್ಚಿಟ್ಟುಕೊಂಡ ಕೈಗಡಿಯಾರ ನೋಡಿ ಇವನು ಬಾಯಲ್ಲೇ ಸೈರನ್ ಕೂಗಬೇಕು, ಎಲ್ಲರೂ ಮೆಷಿನ್ ನಿಲ್ಲಿಸಿ ಹೊರನಡೆಯಬೇಕು. ಮೊದಲು ಹೊರಗೆ ಬಂದವನು ಇವನ ಅಣ್ಣ. ಪೊಲೀಸರು ಹೋಗಿರಲಿಲ್ಲ; ಗುಂಡು ಹಾರಿತು. ಇಂಥ ಎಷ್ಟೋ ಗೇಟುಗಳ ಮುಂದೆ ಎಷ್ಟೋ ಜನ ಬಿದ್ದ ಮೇಲೆ ಕಾನೂನಿನಲ್ಲಷ್ಟೇ ಇದ್ದ ಎಂಟು ತಾಸಿನ ಕೆಲಸವೂ ಈ ರಜೆಯೂ ಗಿರಣಿಗಳಿಗೆ ಬಂದವು.

ಪ್ರತಿ ವರ್ಷ ಈ ದಿನ ಅತ್ತಿಗೆ ಗಂಡನ ಫೋಟೋಗೆ ಬೈಯುತ್ತಿದ್ದಳು. "ಪೊಲೀಸರು ಹೋಗೋ ತನಕ ತಡೆಯೋಕಾಗ್ಲಿಲ್ವಾ? ಊಟಕ್ಕೂ ಅವಸರ, ಸಾವಿಗೂ ಅವಸರ." ಇವನು ತಲೆತಗ್ಗಿಸಿ ಉಣ್ಣುತ್ತಿದ್ದ.

ಈಗ ಕಣ್ಣು ಮುಚ್ಚಿ ಕೂಗಿದ. ಹೊಟ್ಟೆಯಾಳದಿಂದ ಎದ್ದ ಗುಂಯ್ ಸದ್ದು ಮೇಲೇರಿ ಶಾಮಿಯಾನವನ್ನೇ ಕೊರೆಯಿತು. ಹಿಂದಿನ ಸಾಲಿನ ಮುದುಕನೊಬ್ಬನ ಕೈ ತಂತಾನೇ ಎದ್ದು ಗಾಳಿಯಲ್ಲಿ ಸ್ವಿಚ್ಚು ಹುಡುಕಿತು. ಚಪ್ಪಾಳೆ ಬಿತ್ತು.

ಅವನು ಇಳಿದು ಬಂದು ಅತ್ತಿಗೆಯ ಪಕ್ಕ ಕೂತ.

"ಥೇಟ್ ಅದೇ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಆ ಮನುಷ್ಯ ಒಂದು ಗಳಿಗೆ ಕಾದಿದ್ರೆ..."

"ಅಣ್ಣ ಅವಸರ ಮಾಡ್ಲಿಲ್ಲ, ಅತ್ತಿಗೆ."

"ಮತ್ತೆ?"

"ಪಕ್ಕದ ಮೆಷಿನ್‌ನವನು, ನಿನ್ನ ಕೈಲಿ ಎಲ್ಲಾಗುತ್ತೆ ಬಿಡು ಅಂದ. ಸ್ಯಾಂಪಲ್ ತೋರಿಸ್ತೀನಿ ನೋಡು ಅಂತ ಸಣ್ಣಗೆ ಶುರುಮಾಡಿದೆ. ಚೆನ್ನಾಗಿ ಬಂತು. ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ. ಕಣ್ಣು ಬಿಡೋ ಹೊತ್ತಿಗೆ ಮೆಷಿನ್ ಎಲ್ಲಾ ನಿಂತಿದ್ವು. ಇನ್ನೂ ಕಾಲು ಗಂಟೆ ಇತ್ತು."

ಎಲ್ಲೋ ಬಲೂನೊಂದು ಒಡೆಯಿತು. ಅತ್ತಿಗೆ ಬೆಚ್ಚಲಿಲ್ಲ.

"ಇನ್ಯಾರಿಗೆ ಗೊತ್ತು?"

"ಆ ಪಕ್ಕದ ಮೆಷಿನ್‌ನವನಿಗೆ ಗೊತ್ತಿತ್ತು. ಅವನೂ ಅವತ್ತೇ ಹೋದ."

"ನಲವತ್ತು ವರ್ಷ ಬೈದೆ ಅವರನ್ನ," ಎಂದಳು ಮೆಲ್ಲಗೆ. "ನೀನು ನನ್ನೆದುರಿಗೇ ಕೂತು ಉಣ್ತಿದ್ದೆ."

ಅವಳು ಎದ್ದಳು. ಅವನು ಕೈ ಚಾಚಿದ. ಅದನ್ನು ಮುಟ್ಟದೆ, ಒಂದೊಂದೇ ಕುರ್ಚಿಯ ಬೆನ್ನು ಹಿಡಿದುಕೊಂಡು ಸಾಲಿನಿಂದ ಹೊರಗೆ ನಡೆದಳು.

"ಮಾಮ, ಇನ್ನೊಂದ್ಸಲ ಪ್ಲೀಸ್. ವಿಡಿಯೋ ಆಗ್ಲಿಲ್ಲ," ಎನ್ನುತ್ತ ಅಧಿಕಾರಿಣಿ ಅವನನ್ನು ಎಬ್ಬಿಸಿ ಮೈಕು ಕೈಗಿಟ್ಟಳು.

ಅವನು ಬಾಯಿ ತೆರೆದ. ಸ್ವರ ಬರಲಿಲ್ಲ. ಮುಚ್ಚಿ, ಮತ್ತೆ ತೆರೆದ. ಇದು ಯಾರ ಅನುಕರಣೆಯೆಂದು ತಿಳಿಯದೆ ಜನ ಕಾದರು. ಕೊನೆಗೆ ಜಮಖಾನೆಯ ಮೇಲೆ ಕೂತಿದ್ದ ಒಂದು ಮಗು ಅವನ ಬಾಯನ್ನೇ ನೋಡುತ್ತ, ಉತ್ತರ ಹೊಳೆದ ಮುಖ ಮಾಡಿಕೊಂಡು, "ಮೀನು" ಎಂದಿತು.