ನೇಗಿಲು ತಾಗದ ಜಾಗ

ಮೀನಾ ಏನು ಕೆಲಸ ಮಾಡುತ್ತಾಳೆಂದು ಹೂಲಿಯಲ್ಲಿ ಯಾರಾದರೂ ಕೇಳಿದರೆ ಅವಳಪ್ಪ ನಿಜಗುಣಪ್ಪ "ಕಂಪ್ಯೂಟರ್‌ದಾಗ ಅದಾಳ" ಎಂದು ಎಲೆ-ಅಡಿಕೆ ಚೀಲ ಬಿಚ್ಚುತ್ತಿದ್ದ. ಮಾತು ಅಲ್ಲಿಗೆ ಮುಗಿಯಿತು ಎಂದರ್ಥ. ಮಗಳು ಚಿತ್ರ ಬರೆದು ಸಂಬಳ ತರುತ್ತಾಳೆ ಎನ್ನಲು ಆ ರೈತನಿಗೆ ನಾಚಿಕೆ. ಅದು ಮೀನಾಳಿಗೂ ಗೊತ್ತಿತ್ತು. ಮೂರು ವರ್ಷಗಳಿಂದ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ಅದೊಂದು ಅವಳಿಗೆ ಚುಚ್ಚುತ್ತಲೇ ಇತ್ತು.

ಬೈಲಹೊಂಗಲದಲ್ಲಿ ಗೊಬ್ಬರದಂಗಡಿಯ ಮಾಳಿಗೆ ಮೇಲೆ ಅವಳ ಆಫೀಸು. ಪರದೇಶದ ಮಕ್ಕಳ ಕಾರ್ಟೂನು ಧಾರಾವಾಹಿಗೆ ಅಲ್ಲಿ ಚಿತ್ರ ಬರೆಯುತ್ತಾರೆ. ಹಿಂದಿನ ಕಾಲದ ಒಂದು ಕುಟುಂಬ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ಆಕಳು, ಒಂದು ಜೋಡಿ ಎತ್ತು, ಕಡಲು ದಾಟಿ ಗುರುತಿಲ್ಲದ ನಾಡಿನಲ್ಲಿ ನೆಲೆ ನಿಲ್ಲುವ ಕಥೆ. ಮನುಷ್ಯರನ್ನೂ ದನಗಳನ್ನೂ ಬೇರೆಯವರು ಬರೆಯುತ್ತಾರೆ. ಆಕಾಶ, ಹುಲ್ಲು, ಹೊಲ ಮೀನಾಳದು.

ಏಳನೆಯ ಕಂತಿನಲ್ಲಿ ಅವರು ಮೊದಲ ಸಲ ನೇಗಿಲು ಹೂಡುತ್ತಾರೆ. ಮೀನಾ ಇಪ್ಪತ್ಮೂರು ಚಿತ್ರಗಳಲ್ಲಿ ಹೊಲ ಬರೆದಳು. ಹೊಲದ ನಡುವೆ ಒಂದು ಮರ, ಮರದ ಬುಡಕ್ಕೆ ಸುಣ್ಣ ಹಚ್ಚಿದ ಐದು ಕಲ್ಲು, ಸುತ್ತ ಎರಡು ಮಾರು ಹುಲ್ಲು. ಹೂಲಿಯ ಅವಳಪ್ಪನ ಹೊಲದಲ್ಲಿ ಪಾಂಡವರು ಐದು ಕಲ್ಲಾಗಿ ಹಾಗೇ ಕುಳಿತಿದ್ದಾರೆ. ಶೀಗಿ ಹುಣ್ಣಿಮೆಗೆ ಅವರಿಗೆ ಎಡೆ ಹಿಡಿದೇ ಹೊಲದ ತುಂಬ ಭೂತಾಯಿಗೆಂದು ಅಡುಗೆಯ ಚರಗ ಚೆಲ್ಲುವುದು. ಕಲ್ಲು ಬರೆದದ್ದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ತಪ್ಪು ಹುಡುಕಬೇಕಾದ ಮೇಲಿನವ ಗುರುನಾಥನಿಗೂ ಕಾಣಲಿಲ್ಲ. ರಾಮದುರ್ಗದ ಅವನ ಹೊಲದಲ್ಲೂ ಐದು ಕಲ್ಲಿದ್ದವು, ಪಾಪ.

ಪರದೇಶದವರಿಗೆ ಮಾತ್ರ ಕಂಡಿತು. ಈ ಬಿಳಿ ಕಲ್ಲು ಯಾಕೆ, ಸೋಮವಾರದೊಳಗೆ ತೆಗೆಯಿರಿ ಎಂದು ಬರೆದರು. ಗುರುನಾಥ ನಕ್ಕು, ಅಳಿಸಿಬಿಡು ಎಂದ. ಅಳಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಮೀನಾಳಿಗೆ ಕೈ ಬರಲಿಲ್ಲ. ಶನಿವಾರ ಬಸ್ಸು ಹಿಡಿದು ಊರಿಗೆ ಹೋದಳು.

ನಿಜಗುಣಪ್ಪ ಹಗ್ಗ ಹೊಸೆಯುತ್ತ ಕುಳಿತಿದ್ದ. ಮಗಳು ಮೊಬೈಲು ಮುಂದೆ ಹಿಡಿದಾಗ ಮೊದಲ ಸಲ ಅವಳ ಕೆಲಸ ನೋಡಿದ. ಬಹಳ ಹೊತ್ತು ನೋಡಿದ. ಸಾಲು ಸೊಟ್ಟ ಎಂದ, ಬದು ಸಾಲದು ಎಂದ, ಈ ಇಳಿಜಾರಿಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ ಎಂದ. ಬೈಸಿಕೊಂಡು ಮೀನಾಳಿಗೆ ಅಷ್ಟು ಸುಖ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಕಲ್ಲಿನ ಸಂಗತಿ ಹೇಳಿದಳು. ಅವನಿಗೆ ಸಿಟ್ಟು ಬರಲಿಲ್ಲ. ಇವರು ಹೋಗುವ ಮೊದಲು ಆ ನೆಲದಲ್ಲಿ ಯಾರೂ ಇರಲಿಲ್ಲವೇ ಎಂದು ಕೇಳಿದ. ಇದ್ದರು, ಆದರೆ ಕಥೆಯಲ್ಲಿ ಅವರನ್ನು ಹೇಳಿಲ್ಲ ಎಂದಳು ಮೀನಾ.

ನಿಜಗುಣಪ್ಪ ಹಗ್ಗ ಕೆಳಗಿಟ್ಟ.

"ಕಲ್ಲ ತಗಿ ಯವ್ವಾ, ಅವರ ಹೊಲಾ ಅದು. ಆದ್ರ ಆ ಜಾಗಾಕ್ಕ ನೇಗಿಲಾ ಹಚ್ಚಬ್ಯಾಡ. ಮದಲ ಇದ್ದವರಿಗೆ ಅಷ್ಟರ ಬಿಡಬೇಕು."

ಸೋಮವಾರ ಮೀನಾ ಒಂದೊಂದು ಕಲ್ಲಿಗೂ ಮನಸ್ಸಿನಲ್ಲೇ ಕೈ ಮುಗಿದು ಎಲ್ಲವನ್ನೂ ಎತ್ತಿದಳು. ಹುಲ್ಲು ಉಳಿಯಿತು. ಹುಲ್ಲು ಯಾಕೆಂದು ಯಾರೂ ಕೇಳಲಿಲ್ಲ.

ಆ ಕಂತು ಬಂದಾಗ ಮೀನಾ ಹುಣ್ಣಿಮೆಗೆಂದು ಊರಲ್ಲಿದ್ದಳು. ಅಪ್ಪನೇ ಅವಳ ಮೊಬೈಲು ಕಸಿದುಕೊಂಡು ಮಡಿವಾಳೆಪ್ಪನ ಚಹಾದಂಗಡಿಗೆ ನಡೆದ. ಅವಳು ಹಿಂದೆ ಹಿಂದೆ ಹೋದಳು. ಐದಾರು ತಲೆಗಳು ಮೊಬೈಲಿನ ಮೇಲೆ ಬಾಗಿದವು. ಕಾರ್ಟೂನಿನ ಗಂಡಸು ಎತ್ತು ಬಿಚ್ಚಿದ. ಸಣ್ಣ ಹುಡುಗಿ ರೊಟ್ಟಿ ಹಿಡಿದು ಬಂದು, ಉತ್ತ ಹೊಲದ ನಡುವೆ ಕೂರಲು ಬೇರೆ ಜಾಗವಿಲ್ಲದೆ, ಆ ಹುಲ್ಲಿನ ಮೇಲೆ ಕುಳಿತಳು.

ನಿಜಗುಣಪ್ಪ ಆ ಹುಡುಗಿಯ ಪಕ್ಕದ ಹುಲ್ಲಿಗೆ ಬೆರಳಿಟ್ಟು, "ಅಲ್ಲೇ ಅದಾರ" ಎಂದ. ಯಾರೆಂದು ಉಳಿದವರಿಗೆ ತಿಳಿಯಲಿಲ್ಲ. ಮೀನಾಳ ಕಣ್ಣು ತುಂಬಿ ಬಂತು.

ಇದನ್ನು ಯಾರು ಬರೆದದ್ದು ಎಂದು ಮಡಿವಾಳೆಪ್ಪ ಕೇಳಿದ. ನಿಜಗುಣಪ್ಪ ಈ ಸಲ ಎಲೆ-ಅಡಿಕೆ ಚೀಲಕ್ಕೆ ಕೈ ಹಾಕಲಿಲ್ಲ.

"ಮಂದೀನ ಯಾರ ಬರದಾರೋ ನನಗ ಗೊತ್ತಿಲ್ಲ. ಹೊಲಾ ನಮ್ಮ ಮೀನಾ ಮಾಡ್ಯಾಳ."