ಗೆರೆಯಾಚೆ ನಿಂತ ಅಪ್ಪ

ಮಕ್ಕಳ ಫುಟ್ಬಾಲ್ ನಡೆಯುವ ಯಾವ ಮೈದಾನಕ್ಕೆ ಹೋದರೂ ಇಂಥ ಒಬ್ಬ ಅಪ್ಪ ಸಿಕ್ಕೇ ಸಿಗುತ್ತಾನೆ. ಆಡುವುದು ಮಗು, ಬೆವರುವುದು ಇವನು. ಗೆರೆಯ ಆಚೆ ನಿಂತು, ಕತ್ತಿನ ನರ ಉಬ್ಬಿಸಿಕೊಂಡು, ಪಂದ್ಯ ಮುಗಿಯುವ ತನಕ ಕೂಗುತ್ತಲೇ ಇರುತ್ತಾನೆ.

ಈ ಕಥೆಯ ಅಪ್ಪ ತಗಡಿನ ಕಾರ್ಖಾನೆಯ ಕೆಲಸಗಾರ. ತಗಡು ಕತ್ತರಿಸುವ ಯಂತ್ರದ ಪಕ್ಕ ನಿಂತವರಿಗೆ ಕೂಗದೆ ಮಾತಾಡಲು ಆಗುವುದಿಲ್ಲ. ಆ ಅಭ್ಯಾಸ ಮನೆಗೂ ಬಂದಿತ್ತು. ಅವನು ಒಂದು ಲೋಟ ನೀರು ಕೇಳಿದರೆ ಬೀದಿಗೆಲ್ಲ ಬಾಯಾರಿಕೆ ಗೊತ್ತಾಗುತ್ತಿತ್ತು. ಮಗಳು ಫುಟ್ಬಾಲ್ ಆಡುವ ಕ್ಲಬ್ಬಿನ ಹುಡುಗಿಯರು ಅವನಿಗೆ ಮೈಕ್ ಅಂಕಲ್ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಹೊಗಳಿಕೆ ಅಂದುಕೊಂಡಿದ್ದ.

ಅವನ ಮಗಳು ಕ್ಲಬ್ಬಿನ ಕಿರಿಯರ ತಂಡದಲ್ಲಿ ಮೈದಾನದ ನಡುಭಾಗದಲ್ಲಿ ಆಡುತ್ತಿದ್ದಳು. ಹಿರಿಯರ ತಂಡದ ಜೊತೆ ಅಭ್ಯಾಸ ಮಾಡಲು ಈ ತಂಡದಿಂದ ಇಬ್ಬರನ್ನು ಕಳಿಸುವುದಿತ್ತು. ಗೋಲ್‌ಕೀಪರ್ ಹುಡುಗಿಯದು ಆಗಲೇ ಗಟ್ಟಿಯಾಗಿತ್ತು. ಉಳಿದ ಒಂದು ಜಾಗ ಭಾನುವಾರದ ಪಂದ್ಯ ನೋಡಿ ನಿರ್ಧಾರವಾಗಬೇಕಿತ್ತು. ಮಗಳಿಗೆ ಆ ಜಾಗ ಬೇಕಿತ್ತು. ಅಪ್ಪನಿಗೆ ಅವಳಿಗಿಂತ ಹೆಚ್ಚು ಬೇಕಿತ್ತು.

ವಾರದ ಮಧ್ಯೆ ಕೋಚ್ ಮೇಡಂ ಅವನನ್ನು ಕರೆಸಿದರು. ಹಿಂದೆ ತಾವೇ ಹಿರಿಯರ ತಂಡದಲ್ಲಿ ಆಡಿದ್ದವರು. ಚೆಂಡಿಗೆ ಗಾಳಿ ತುಂಬುತ್ತಲೇ ಮಾತು ತೆಗೆದರು.

"ಸರ್, ನಿಮ್ಮ ಮಗಳ ಕಾಲು ಚೆನ್ನಾಗಿದೆ, ದಮ್ಮೂ ಇದೆ. ಆದ್ರೆ ಚೆಂಡು ಬಂದಾಗ ಏನು ಮಾಡ್ತಾಳೆ, ಗಮನಿಸಿದ್ದೀರಾ?"

"ನಾನು ಹೇಳಿದ್ದು ಮಾಡ್ತಾಳೆ," ಎಂದ ಅಪ್ಪ, ಎದೆಯುಬ್ಬಿಸಿ.

"ತೊಂದರೆ ಅದೇ. ಚೆಂಡು ಕಾಲಿಗೆ ಬರೋ ಮುಂಚೆ ಸುತ್ತ ಯಾರಿದ್ದಾರೆ ಅಂತ ನೋಡ್ಬೇಕು. ಅವಳು ನಿಮ್ಮನ್ನ ನೋಡ್ತಾಳೆ. ಕಿರಿಯರ ಆಟದಲ್ಲಿ ಅಷ್ಟು ಪುರುಸೊತ್ತು ಸಿಗತ್ತೆ. ಹಿರಿಯರು ಬಿಡಲ್ಲ. ಅವಳು ನಿಮ್ಮ ಕಡೆ ತಿರುಗೋಷ್ಟರಲ್ಲಿ ಚೆಂಡು ಕಿತ್ಕೊಂಡು ಹೋಗಿರ್ತಾರೆ."

"ಅದಕ್ಕೇ ನಾನು ಹೇಳೋದು ಮೇಡಂ, ಸಿಕ್ಕ ಕೂಡ್ಲೆ ದೂರ ಒದಿ ಅಂತ."

"ದೂರ ಒದ್ರೆ ಎದುರಿನ ತಂಡಕ್ಕೆ ಕೊಟ್ಟ ಹಾಗೆ. ಇನ್ನೊಂದು ಮಾತು. ಬೆನ್ನ ಹಿಂದೆ ಯಾರು ಬಂದ್ರು ಅಂತ ಗೋಲ್‌ಕೀಪರ್ ಕೂಗಿ ಹೇಳ್ತಿರ್ತಾಳೆ. ನಿಮ್ಮ ಮಗಳಿಗೆ ಅದು ಕೇಳ್ಸಲ್ಲ. ನೀವು ಕೇಳಿಸ್ತೀರ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹೋದ ಸಲ ಸೋತ್ರಲ್ಲ, ಅದೂ ನಾನು ಕೂಗಿದ್ದಕ್ಕಾ?"

"ಅಲ್ಲ. ಮುಂದೆ ಆಡೋರನ್ನ ಹಿಂದೆ ನಿಲ್ಲಿಸಿದ್ದೆ, ಹಿಂದಿನೋರನ್ನ ಮುಂದೆ ಕಳಿಸಿದ್ದೆ. ಎಲ್ಲಾ ಜಾಗದ ಕಷ್ಟ ಎಲ್ಲರಿಗೂ ಗೊತ್ತಾಗ್ಲಿ ಅಂತ. ಹಿರಿಯರ ತಂಡದಲ್ಲಿ ತಪ್ಪು ಮಾಡಿದ್ರೆ ಬೆಂಚಿಗೆ ಕಳಿಸ್ತಾರೆ. ತಪ್ಪು ಮಾಡಿ ಕಲಿಯೋಕೆ ಈ ಮಕ್ಕಳಿಗೆ ಇರೋದು ಇದೊಂದೇ ಜಾಗ. ಭಾನುವಾರ ನೀವು ಮಹಡಿ ಮೇಲಿನ ಜೆರ್ಸಿ ಕೋಣೆಯಿಂದ ನೋಡಿ. ಅಲ್ಲಿ ದೊಡ್ಡ ಕಿಟಕಿ ಇದೆ."

"ಅದು ತೆರೆಯಲ್ವಲ್ಲ?"

"ಹೌದು, ತೆರೆಯಲ್ಲ," ಎಂದರು ಮೇಡಂ.

ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ. "ನನ್ನ ಮಗಳಿಗೆ ನಾನು ಹೇಳ್ಬಾರ್ದಂತೆ. ಈ ಕ್ಲಬ್ ಬೇಡ, ಬೇರೆ ಕಡೆ ಸೇರಿಸ್ತೀನಿ."

ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದಿನವಿಡೀ ಹೊಸಬರ ಪಕ್ಕ ಕೂತು ಅವಳಿಗೆ ತಾಳ್ಮೆ ಮೈಗೂಡಿತ್ತು.

"ರೀ, ಸ್ವಲ್ಪ ಮೆಲ್ಲಗೆ. ಎದುರು ಮನೆಯವರು ಊಟಕ್ಕೆ ಕೂತಿದ್ದಾರೆ. ನೀವು ತಮ್ಮನ್ನೇ ಕರೀತಿದ್ದೀರ ಅಂತ ಎದ್ದು ಬಂದಾರು."

"ತಮಾಷೆ ಬೇಡ ಕಣೇ."

"ತಮಾಷೆ ಅಲ್ಲ. ನಾನು ಕಲಿಸೋ ಕಾರಲ್ಲಿ ನನ್ನ ಕಾಲ ಬಳಿನೂ ಒಂದು ಬ್ರೇಕ್ ಇದೆ. ಮೊದಲೆಲ್ಲ ಹೆದರಿ ಹೆದರಿ ನಾನೇ ಒತ್ತಿಬಿಡ್ತಿದ್ದೆ. ಒಬ್ಬಳು ಚೆನ್ನಾಗಿ ಕಲಿತಿದ್ದಾಳೆ ಅಂತ ಪರೀಕ್ಷೆಗೆ ಕಳಿಸಿದ್ರೆ, ಅವಳು ಬ್ರೇಕ್ ಒತ್ತಲೇ ಇಲ್ಲ. ನಾನು ಒತ್ತೀನಿ ಅಂತ ಅವಳ ಕಾಲು ಕಾಯ್ತಾ ಇತ್ತಂತೆ."

"ಕಾರು ಬೇರೆ, ಚೆಂಡು ಬೇರೆ."

"ಬೇರೆನೇ. ಕಾರು ಗುದ್ದಿದ್ರೆ ಜೀವ ಹೋಗತ್ತೆ. ಚೆಂಡು ಕಳ್ಕೊಂಡ್ರೆ ಏನು ಹೋಗತ್ತೆ?"

ಮಗಳು ಬಚ್ಚಲಲ್ಲಿ ಬೂಟಿನ ಮಣ್ಣು ತೊಳೆಯುತ್ತಿದ್ದಳು. ತಲೆ ಎತ್ತದೆ ಅಲ್ಲಿಂದಲೇ ಹೇಳಿದಳು. "ಅಪ್ಪ, ನೀನು ಕೂಗೋವಾಗ ನಂಗೆ ಯಾರೂ ಕಾಣ್ಸಲ್ಲ."

ಅಪ್ಪ ಬಚ್ಚಲ ಬಾಗಿಲಿಗೆ ಬಂದ. "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಹೇಳೋಕೆ ನೀನೆಲ್ಲಿ ಬಿಟ್ಟೆ?"

ಭಾನುವಾರ ಗಂಡ ಹೆಂಡತಿ ಜೆರ್ಸಿ ಕೋಣೆಗೆ ಹೋದರು. ಹಗ್ಗದ ಮೇಲೆ ಅರೆ ಒಣಗಿದ ಜೆರ್ಸಿಗಳು, ಮೂಲೆಯಲ್ಲಿ ಚೆಂಡಿನ ಬಲೆಚೀಲ, ಕೋಣೆಯ ತುಂಬ ಸೋಪಿನ ವಾಸನೆ. ಪಂದ್ಯ ಶುರುವಾಗುವುದೇ ತಡ, ಅಪ್ಪ ಗಾಜಿಗೆ ಮೂಗು ಒತ್ತಿ, "ಒದಿ," ಎಂದು ಅರಚಿದ.

"ಅವಳಿಗೆ ಕೇಳಲ್ಲ. ನನಗೆ ಕೇಳತ್ತೆ," ಎಂದು ಹೆಂಡತಿ ಕಿವಿ ಮುಚ್ಚಿಕೊಂಡಳು.

ಕೆಳಗೆ ಮಗಳ ಕಡೆಗೆ ಚೆಂಡು ಬಂತು. ಅವಳು ಅಭ್ಯಾಸಬಲದಿಂದ ಗೆರೆಯ ಕಡೆ ತಿರುಗಿದಳು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನೀರಿನ ಕ್ಯಾನ್ ಒಂದಿತ್ತು ಅಷ್ಟೆ. ಅವಳು ಗಲಿಬಿಲಿಗೊಂಡ ಆ ಕ್ಷಣದಲ್ಲೇ ಎದುರಾಳಿ ಚೆಂಡು ಕಿತ್ತುಕೊಂಡು ಹೋಗಿ ಗೋಲು ಹೊಡೆದಳು. ಅಪ್ಪ ಬಾಗಿಲಿಗೆ ಕೈ ಹಾಕಿದ.

"ಹೋಗಿ, ನಾನೇನು ಹಿಡ್ಕೊಳ್ಳಲ್ಲ," ಎಂದಳು ಹೆಂಡತಿ. "ಅವಳು ಮತ್ತೆ ನಿಮ್ಮ ಮುಖ ನೋಡ್ಕೊಂಡೇ ಆಡ್ಲಿ."

ಅಪ್ಪ ಬಾಗಿಲು ಬಿಟ್ಟು ವಾಪಸು ಬಂದ. ಕೂತ. ಎದ್ದ. ಮತ್ತೆ ಕೂತ.

ವಿರಾಮದ ನಂತರ ಮಗಳ ಕತ್ತು ತಿರುಗುತ್ತಿದ್ದ ರೀತಿ ಬೇರೆಯಾಗಿತ್ತು. ಚೆಂಡು ಇನ್ನೂ ದೂರದಲ್ಲಿರುವಾಗಲೇ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಿದ್ದಳು. ಮತ್ತೊಮ್ಮೆ ಚೆಂಡು ಅವಳತ್ತ ಬಂತು. ಬೆನ್ನ ಹಿಂದೆ ಎದುರಾಳಿ ನುಗ್ಗಿ ಬರುತ್ತಿದ್ದಳು. ಗೋಲ್‌ಕೀಪರ್ ಏನೋ ಕೂಗಿದ್ದು ಮೇಲಿದ್ದವರಿಗೆ ಕೇಳಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ಮಗಳಿಗೆ ಅದು ಕೇಳಿಸಿತ್ತು.

"ಒದಿ," ಎಂದು ಅಪ್ಪ ಪಿಸುಗುಟ್ಟಿದ.

ಅವಳು ಒದೆಯಲಿಲ್ಲ. ಚೆಂಡನ್ನು ಮೆಲ್ಲಗೆ ಹಿಂದಕ್ಕೆ, ಗೋಲ್‌ಕೀಪರಿಗೆ ತಳ್ಳಿ, ಖಾಲಿ ಜಾಗಕ್ಕೆ ಓಡಿದಳು. ಚೆಂಡು ಅಲ್ಲಿಗೇ ತಿರುಗಿ ಬಂತು. ಈಗ ಅವಳ ಮುಂದೆ ಮೈದಾನ ತೆರೆದುಕೊಂಡಿತ್ತು. ಬಲಗಡೆ ಓಡುತ್ತಿದ್ದ ಹುಡುಗಿಗೆ ಚೆಂಡು ದಾಟಿಸಿದಳು. ಆ ಹುಡುಗಿ ಹೊಡೆದದ್ದು ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಪಂದ್ಯ ಸೋತರು.

"ಆ ಖಾಲಿ ಜಾಗ ನಂಗೆ ಇಲ್ಲಿಂದ್ಲೂ ಕಂಡಿರ್ಲಿಲ್ಲ ಕಣೇ," ಎಂದ ಅಪ್ಪ. ಎಷ್ಟು ಮೆಲ್ಲಗೆ ಎಂದರೆ, ಹೆಂಡತಿ ತಿರುಗಿ ಅವನ ಮುಖ ನೋಡಿದಳು.

ಅವರು ಕೆಳಗೆ ಬರುವಷ್ಟರಲ್ಲಿ ಕೋಚ್ ಮೇಡಂ ಆಯ್ಕೆಯಾದವಳ ಹೆಸರು ಹೇಳಿಯಾಗಿತ್ತು. ಜಾಗ ಇನ್ನೊಬ್ಬ ಹುಡುಗಿಗೆ ಸಿಕ್ಕಿತ್ತು. ಅಪ್ಪನ ಗಂಟಲಿಗೆ ಮಾತು ಬಂದೇಬಿಟ್ಟಿತು. ಅಷ್ಟರಲ್ಲಿ ಮಗಳೇ ಕೇಳಿದಳು, "ಮೇಡಂ, ನಾನು ಇನ್ನೇನು ಕಲೀಬೇಕು?"

"ಇವತ್ತು ಅರ್ಧ ಪಂದ್ಯ ನೀನೇ ಯೋಚಿಸಿ ಆಡಿದೆ," ಎಂದರು ಮೇಡಂ. "ಪೂರ್ತಿ ಪಂದ್ಯ ಹಾಗೇ ಆಡು. ಕಳಿಸ್ತೀನಿ."

ಅಪ್ಪ ಬಂದ ಮಾತನ್ನು ನುಂಗಿಕೊಂಡ. ನುಂಗುವುದು ಸುಲಭವಾಗಿರಲಿಲ್ಲ. ಮನೆಯ ದಾರಿಯಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ. "ಚೆಂಡು ಹಿಂದಕ್ಕೆ ಕೊಡ್ಬೇಕು ಅಂತ ನಿಂಗೆ ಹೇಗೆ ಹೊಳೀತು, ಮಗಳೇ?" ಅವಳು ಹೇಳತೊಡಗಿದಳು. ಬೀದಿ ಮುಗಿದರೂ ಮಾತು ಮುಗಿಯಲಿಲ್ಲ. ಇಷ್ಟು ವರ್ಷ ಮೈದಾನಕ್ಕೆ ಹೋಗಿ ಬಂದರೂ, ಮಗಳ ಬಾಯಿಂದ ಅವಳ ಆಟ ಕೇಳಿದ್ದು ಅವನಿಗೆ ಅದೇ ಮೊದಲು. ಮುಂದಿನ ಸಲದ ಆಯ್ಕೆಯಲ್ಲಿ ಅವಳ ಹೆಸರಿತ್ತು.

ಅಪ್ಪಂದಿರೇ, ಅಮ್ಮಂದಿರೇ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಕೋಪ ಬಂದರೆ ಬರಲಿ. ಕಿರಿಯರ ತಂಡ ಇರುವುದು ನಿಮ್ಮ ಶೋಕೇಸಿಗೆ ಕಪ್ ತರಲು ಅಲ್ಲ, ನಾಳೆ ದೊಡ್ಡವರ ಜೊತೆ ಆಡುವಾಗ ಮಗು ತನ್ನ ತಲೆ ಓಡಿಸಲು ಕಲಿಯಲಿ ಎಂದು. ಆಟ ಕಲಿಸಲು ಕೋಚ್ ಇದ್ದಾರೆ, ಅವರಿಗೆ ಸಮಯ ಕೊಡಿ. ಯಾವಾಗ ಹಿರಿಯರ ತಂಡಕ್ಕೆ ಕಳಿಸ್ತೀರ ಎಂದು ಅವರ ಪ್ರಾಣ ಹಿಂಡಬೇಡಿ. ಸೋತು ಬಂದ ಮಗುವಿಗೆ ಬಾಗಿಲಲ್ಲೇ ಪಾಠ ಶುರುಮಾಡಬೇಡಿ. ಕೈಕಾಲು ತೊಳೆಯಲಿ, ಹೊಟ್ಟೆ ತುಂಬ ಉಣ್ಣಲಿ, ಆಮೇಲೆ ಅದು ಹೇಳಿದ್ದನ್ನು ಕೇಳಿ. ಈ ಭಾನುವಾರ ಪಂದ್ಯವಿದ್ದರೆ ತಪ್ಪದೆ ಹೋಗಿ. ಕೈತುಂಬ ಚಪ್ಪಾಳೆ ತಟ್ಟಿ. ಬಾಯಿಗೆ ಮಾತ್ರ ಅವತ್ತು ರಜೆ ಕೊಡಿ.